ಹೊಸ ಹೆಡ್‌ಫೋನ್ ಪಳಗಿಸಬೇಕಾ?

ಮೊದಲ 100 ಗಂಟೆ ಪಿಂಕ್ ನಾಯ್ಸ್ (ಮಳೆ ಸುರಿದಂತೆ ಒಂದೇ ಸಮನೆ ಕೇಳುವ ಸದ್ದು) ಹಾಕಿಟ್ಟರೆ ಬೇಸ್ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಬೇಡ, ಸುಮ್ನೆ ಹಾಡು ಕೇಳಿ. ಒಳಗೆ ಕಂಪಿಸಿ ಸದ್ದು ಹೊರಡಿಸುವ ಪೊರೆ, ಅಂದರೆ ಡಯಾಫ್ರಾಮ್, ತುಂಬಾ ತೆಳು, ಅಲುಗಾಡುವುದೂ ಅತ್ಯಲ್ಪ. ಬಳಸಿದಂತೆ ಅದು ಸ್ವಲ್ಪ ಬದಲಾದರೂ ಕಿವಿಗೆ ಗೊತ್ತಾಗುವುದು ಕಷ್ಟ.

ನಿಜವಾಗಿ ಬದಲಾಗುವುದು ಇಯರ್‌ಪ್ಯಾಡ್. ಕೆಲವು ವಾರ ಹಾಕಿಕೊಂಡರೆ ಫೋಮ್ ಮೆತ್ತಗಾಗುತ್ತದೆ, ತಲೆಗೆ ಸರಿಯಾಗಿ ಕೂರುತ್ತದೆ. ಸಂದಿಯಲ್ಲಿ ಗಾಳಿ ಸೋರುವುದು ನಿಂತರೆ ಬೇಸ್ ಜಾಸ್ತಿ ಕೇಳಿಸುತ್ತದೆ. ಕನ್ನಡಕ ಹಾಕುತ್ತೀರಾ? ಹಾಗಿದ್ದರೆ ಒಮ್ಮೆ ತೆಗೆದು ಕೇಳಿ ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಇನ್ನು ನಮ್ಮ ಮಿದುಳೂ ಹೊಸ ಸದ್ದಿಗೆ ಒಗ್ಗಿಕೊಳ್ಳುತ್ತದೆ. ನನಗೂ ಒಂದು ಜೊತೆ ಮೊದಲ ದಿನ ಕರ್ಕಶ ಅನಿಸಿತ್ತು. ವಾರದ ನಂತರ ಹಳೆಯದೇ ಮಂಕು ಅನಿಸಿತು! ಒಂದು ವಾರ ಕೇಳಿಯೂ ಇಷ್ಟವಾಗದಿದ್ದರೆ, ಹಿಂತಿರುಗಿಸುವ ಗಡುವು ಮುಗಿಯುವ ಮುಂಚೆಯೇ ವಾಪಸ್ ಕೊಟ್ಟುಬಿಡಿ.