ಆಕ್ಟಿವ್ ಬೇಸ್ ಗಿಟಾರಿಗೆ ಡಿಸ್ಟಾರ್ಶನ್ ಪೆಡಲ್ ಹೊಂದುವುದಿಲ್ಲವೇ?

ನಿಮ್ಮ ಬೇಸ್ ಗಿಟಾರನ್ನು ಮಾರಬೇಡಿ. ನೀವು ಬರೆದಿರುವ ಪ್ರಕಾರ ಐದು ತಂತಿಯ ಆ ಆಕ್ಟಿವ್ ಬೇಸ್ ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿದಾಗ ತುಂಬಿದ ನಾದ ಕೊಡುತ್ತದೆ. ಗಿಟಾರ್ ನುಡಿಸುವ ಗೆಳೆಯರಿಂದ ತಂದ ಒಂದು ಫಝ್ ಪೆಡಲನ್ನೋ ಓವರ್‌ಡ್ರೈವ್ ಪೆಡಲನ್ನೋ (ಎರಡೂ ಸದ್ದನ್ನು ಬೇಕೆಂದೇ ಒಡೆಯುವ, ಕಾಲಿನಿಂದ ಒತ್ತುವ ಡಿಸ್ಟಾರ್ಶನ್ ಪೆಟ್ಟಿಗೆಗಳು) ನಡುವೆ ಸೇರಿಸಿದೊಡನೆ ತಳದ ಸದ್ದು ಮಾಯವಾಗಿ, ಕೆಳಗಿನ ಸ್ವರಗಳು ಒಡಕು ಒಡಕಾಗಿ, ಮೇಲಿನವು ಕಿವಿಗೆ ಚುಚ್ಚುವ ಹಾಗೆ ಕೇಳಿಸುತ್ತವೆ. ಉಪ್ಪಳ, ಕುಂಬಳೆ ಕಡೆಯ ಗಾನಮೇಳಗಳಲ್ಲಿ ನುಡಿಸುವ ನಿಮಗೆ ಯಾರೋ ಪ್ಯಾಸಿವ್ ಬೇಸ್ (ಒಳಗೆ ಬ್ಯಾಟರಿಯ ಸರ್ಕೀಟು ಇಲ್ಲದ್ದು) ಕೊಳ್ಳಿರೆಂದೂ, ಇನ್ನಾರೋ ಪೆಡಲಿಗೆ 18 ವೋಲ್ಟ್ ಕೊಡಿರೆಂದೂ ಹೇಳಿದ್ದಾರೆ. ನಾನು ಬದಿಯಡ್ಕದ ಆಸುಪಾಸಿನಲ್ಲಿ ಇಂಥದೇ ಮೇಳಗಳಿಗೆ ಬೇಸ್ ನುಡಿಸುವವನು. ನನ್ನ ಅಭಿಪ್ರಾಯದಲ್ಲಿ ತೊಂದರೆ ಇರುವುದು ಗಿಟಾರಿನಲ್ಲೂ ಅಲ್ಲ, ಪೆಡಲಿನಲ್ಲೂ ಅಲ್ಲ. ಪೆಡಲಿನ ಒಳಗೆ ಹೋಗುವ ಸಿಗ್ನಲ್‌ನಲ್ಲಿ ತಳದ ಸದ್ದು ಬೇಕಾದುದಕ್ಕಿಂತ ಹೆಚ್ಚಾಗಿದೆ, ಪೆಡಲಿನಿಂದ ಹೊರಬರುವುದರಲ್ಲಿ ಅದು ಉಳಿಯುತ್ತಿಲ್ಲ.

ಆಕ್ಟಿವ್ ಬೇಸಿನಲ್ಲಿ ಪಿಕಪ್ಪಿನಿಂದ (ತಂತಿಯ ಕಂಪನವನ್ನು ವಿದ್ಯುತ್ತಿನ ಸಿಗ್ನಲ್ ಮಾಡುವ ಸುರುಳಿ) ಬಂದ ಸಿಗ್ನಲ್ ಹೊರಗೆ ಹೋಗುವ ಮೊದಲು ಗಿಟಾರಿನ ಒಳಗೇ ಇರುವ, ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಎಂಬ ಸಣ್ಣ ಆಂಪ್ಲಿಫೈಯರಿನ ಮೂಲಕ ಹಾದುಹೋಗುತ್ತದೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಈ ಏರ್ಪಾಡನ್ನು ಸಾಮಾನ್ಯ ವಾದಕರ ಕೈಗೆ ತಂದಿತು. ಇದರಿಂದ ಸಿಗ್ನಲ್ ಬಲವಾಗುತ್ತದೆ ಮತ್ತು ಅದರ ಇಂಪೀಡೆನ್ಸ್, ಅಂದರೆ ಹರಿವಿಗೆ ಒಡ್ಡುವ ತಡೆ, ಕಡಿಮೆಯಾಗುತ್ತದೆ. ಉದ್ದದ ಕೇಬಲ್ ಹಾಕಿದರೂ ಮೇಲಿನ ಸದ್ದು ಮಸುಕಾಗದಿರುವುದು ಈ ಎರಡನೆಯ ಗುಣದಿಂದ. ಆದರೆ ನಮ್ಮ ಕೈಗೆ ಸಿಗುವ ಹೆಚ್ಚಿನ ಡಿಸ್ಟಾರ್ಶನ್ ಪೆಡಲುಗಳ ಮೂಲ ವಿನ್ಯಾಸ 1960 ಮತ್ತು 70ರ ದಶಕಗಳದ್ದು. ಆರು ತಂತಿಯ ಗಿಟಾರಿನ ಸಾಧಾರಣ ಪಿಕಪ್ಪನ್ನು ಮನಸ್ಸಿನಲ್ಲಿಟ್ಟು ಅವನ್ನು ರೂಪಿಸಿದ್ದರು.

ಡಿಸ್ಟಾರ್ಶನ್ ಎಂದರೆ ಅಲೆಯ ತುದಿಗಳು ಒಂದು ಮಿತಿಯನ್ನು ದಾಟಿದಾಗ ಅವನ್ನು ಕತ್ತರಿಸಿ ಚಪ್ಪಟೆ ಮಾಡುವುದು. ಬೇಸಿನ ಇ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಝ್ (ಸೆಕೆಂಡಿಗೆ 41 ಅಲೆ), ನಿಮ್ಮ ಐದನೆಯ ಬಿ ತಂತಿಯದ್ದು ಸುಮಾರು 31 ಹರ್ಟ್ಝ್. ಸಿಗ್ನಲ್‌ನಲ್ಲಿ ಅತಿ ದೊಡ್ಡ ಅಲೆಗಳು ಈ ತಳದವೇ ಆಗಿರುವುದರಿಂದ ಮಿತಿಯನ್ನು ಮೊದಲು ಮುಟ್ಟುವವೂ ಅವೇ. ಒಂದು ದೊಡ್ಡ ಅಲೆ ಮಿತಿಗೆ ತಾಗಿ ಚಪ್ಪಟೆಯಾಗಿರುವಷ್ಟು ಹೊತ್ತು ಅದರ ಮೇಲೇರಿ ಬರುತ್ತಿರುವ ಸಣ್ಣ ಅಲೆಗಳು, ಅಂದರೆ ಬೆರಳಿನ ಏಟು, ತಂತಿಯ ಲೋಹದ ಗುಣ, ಸ್ವರದ ಸ್ಪಷ್ಟತೆ ಇವೆಲ್ಲ ಅಳಿಸಿಹೋಗುತ್ತವೆ. ಅಲೆ ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತವೆ. ಹೀಗೆ ಸೆಕೆಂಡಿಗೆ ಹತ್ತಾರು ಬಾರಿ ಬಂದು ಹೋಗುವುದನ್ನೇ ನೀವು ಒಡಕು ಸದ್ದೆಂದು ಕೇಳುತ್ತಿದ್ದೀರಿ.

ಈಗ ನಿಮ್ಮ ಬೇಸಿನ ನಾಬ್‌ಗಳನ್ನು ನೋಡಿ. ಆಕ್ಟಿವ್ ಪ್ರೀಆಂಪಿನ ಬೇಸ್ ನಾಬ್ ತಳದ ಸದ್ದನ್ನು 12 ಡೆಸಿಬೆಲ್ಲಿನಷ್ಟು ಏರಿಸುವುದು ತೀರ ಸಾಮಾನ್ಯ, ಮತ್ತು 12 ಡೆಸಿಬೆಲ್ ಎಂದರೆ ವೋಲ್ಟೇಜಿನಲ್ಲಿ ನಾಲ್ಕು ಪಟ್ಟು. ಗಾನಮೇಳದವರು ಬೇಸ್ ಮತ್ತು ಟ್ರೆಬಲ್ ಎರಡನ್ನೂ ಏರಿಸಿ, ನಡುವಿನದನ್ನು ತಗ್ಗಿಸಿ ನುಡಿಸುವುದು ನಮ್ಮ ಕಡೆ ರೂಢಿಯೇ ಆಗಿಬಿಟ್ಟಿದೆ; ಮನೆಯಲ್ಲಿ ಒಬ್ಬರೇ ನುಡಿಸುವಾಗ ಅದು ಸೊಗಸಾಗಿಯೂ ಕೇಳಿಸುತ್ತದೆ. ಡಿಸ್ಟಾರ್ಶನ್ ಪೆಡಲಿಗೆ ಮಾತ್ರ ಇದಕ್ಕಿಂತ ಕೆಟ್ಟ ಆಹಾರವಿಲ್ಲ. ಪೆಡಲ್ ಹಾಕುವ ಹಾಡಿನಲ್ಲಿ ಎಲ್ಲ ನಾಬ್‌ಗಳನ್ನೂ ನಡುವಿನ ಗುರುತಿಗೆ ತನ್ನಿ, ಬೇಸ್ ನಾಬನ್ನು ಅದಕ್ಕಿಂತ ತುಸು ಕೆಳಗೇ ಇಡಿ, ಮಿಡ್ (ನಡುಸದ್ದಿನ ನಾಬ್) ಇದ್ದರೆ ಸ್ವಲ್ಪ ಏರಿಸಿ, ವಾಲ್ಯೂಮನ್ನು ಮುಕ್ಕಾಲಿಗೆ ಇಳಿಸಿ. ಪೆಡಲಿನ ಗೇನನ್ನು (ಸಿಗ್ನಲನ್ನು ಎಷ್ಟು ಏರಿಸಿ ಒಡೆಯಬೇಕೆಂಬುದರ ನಾಬ್) ಗಿಟಾರ್ ವಾದಕರು ಇಡುವುದರ ಅರ್ಧಕ್ಕಿಂತಲೂ ಕೆಳಗಿನಿಂದ ಆರಂಭಿಸಿ. ಇದೊಂದರಿಂದಲೇ ನಿಮ್ಮ ದೂರಿನ ಅರ್ಧ ಭಾಗ ಹೋಗಬಹುದೆಂದು ನನ್ನ ಎಣಿಕೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಫಝ್ ಪೆಡಲಿನ ಮಾತು ಸ್ವಲ್ಪ ಬೇರೆ. ನಿಮ್ಮದು 1966ರ ಫಝ್ ಫೇಸ್ ಎಂಬ ಪೆಡಲಿನ ಜಾತಿಯದ್ದಾದರೆ ಅದರ ಒಳಹರಿವಿನ ಇಂಪೀಡೆನ್ಸ್ ಬಹಳ ಕಡಿಮೆ ಇರುತ್ತದೆ, ಮತ್ತು ಪಿಕಪ್ಪಿನ ಸುರುಳಿ ನೇರವಾಗಿ ಅದಕ್ಕೆ ತಾಗಿದಾಗ ಪಿಕಪ್ಪೂ ಆ ಸರ್ಕೀಟಿನ ಒಂದು ಭಾಗವೇ ಆಗಿ ಸದ್ದನ್ನು ಮೆದುಗೊಳಿಸುತ್ತದೆ. ಆಕ್ಟಿವ್ ಬೇಸಿನಲ್ಲಿ ನಡುವೆ ಪ್ರೀಆಂಪ್ ನಿಂತಿರುವುದರಿಂದ ಆ ಸಂಬಂಧ ಕಡಿದುಹೋಗಿ, ಫಝ್ ಒರಟಾಗಿ, ಚೂಪಾಗಿ ಕೇಳಿಸುತ್ತದೆ. ಫಝ್ ಪೆಡಲನ್ನು ಸಾಲಿನಲ್ಲಿ ಮೊದಲು ಇಡಿರೆಂಬ ಸಲಹೆ ಪ್ಯಾಸಿವ್ ಗಿಟಾರಿಗೆ ಸರಿ, ನಿಮಗೆ ಉಪಯೋಗವಿಲ್ಲ. ಬೇಸಿನಲ್ಲಿ ಆಕ್ಟಿವ್‌ನಿಂದ ಪ್ಯಾಸಿವ್‌ಗೆ ಬದಲಿಸುವ ಸ್ವಿಚ್ ಇದ್ದರೆ ಆ ಹಾಡಿಗೆ ಅದನ್ನು ಬಳಸಿ, ಟೋನ್ ನಾಬನ್ನು ಇಳಿಸಿ ನುಡಿಸಿ. ಇಎಂಜಿ ಕಂಪನಿಯದರಂಥ, ಪಿಕಪ್ಪಿನೊಳಗೇ ಪ್ರೀಆಂಪ್ ಇರುವ ಬೇಸುಗಳಲ್ಲಿ ಆ ದಾರಿ ಇಲ್ಲ. ಸೋಲ್ಡರಿಂಗ್ ಬಲ್ಲವರಿಂದ ಫಝ್ ಪೆಡಲಿನ ಮುಂದೆ 10ರಿಂದ 47 ಕಿಲೋ ಓಮ್‌ನ ಒಂದು ರೆಸಿಸ್ಟರನ್ನು ಸರಣಿಯಲ್ಲಿ ಹಾಕಿಸಿದರೆ ಒರಟುತನ ಬಹುಮಟ್ಟಿಗೆ ತಗ್ಗುತ್ತದೆ. ಬಿಗ್ ಮಫ್ ಜಾತಿಯ ಫಝ್‌ಗಳಿಗೆ ಈ ಕಾಯಿಲೆ ಅಷ್ಟಾಗಿ ಇಲ್ಲ. ಆದರೆ ಅವು 1000 ಹರ್ಟ್ಝಿನ ಸುತ್ತಲಿನ ನಡುಸದ್ದನ್ನು ತೋಡಿ ತೆಗೆಯುವುದರಿಂದ ಮೇಳದ ನಡುವೆ ಬೇಸ್ ಕಾಣೆಯಾಗುವ ಅಪಾಯವಿದೆ.

ಒಳಗೆ ಹೋಗುವ ತಳವನ್ನು ತಗ್ಗಿಸಿದ ಮೇಲೆ ಹೊರಗೆ ಅದನ್ನು ಮರಳಿ ಪಡೆಯಬೇಕಲ್ಲ. ಇದಕ್ಕೆ ಬೇಸ್ ವಾದಕರು ಕಂಡುಕೊಂಡ ಉಪಾಯ ಸಿಗ್ನಲನ್ನು ಎರಡಾಗಿ ಸೀಳುವುದು: ಒಂದು ಕವಲು ಡಿಸ್ಟಾರ್ಶನ್ನಿಗೆ ಹೋಗುತ್ತದೆ, ಇನ್ನೊಂದು ಏನೂ ಆಗದೆ ಶುದ್ಧವಾಗಿ ಬಂದು ಕೊನೆಯಲ್ಲಿ ಅದರೊಡನೆ ಕೂಡಿಕೊಳ್ಳುತ್ತದೆ. ಯಕ್ಷಗಾನದಲ್ಲಿ ಚೆಂಡೆ ಎಷ್ಟೇ ಅಬ್ಬರಿಸಿದರೂ ಮದ್ದಳೆ ತನ್ನ ನುಡಿಯನ್ನು ಬಿಡದೆ ಕೆಳಗಿನಿಂದ ಹಿಡಿದಿರುವ ಹಾಗೆ, ಶುದ್ಧ ಕವಲು ತಳವನ್ನು ಹಿಡಿದಿರುತ್ತದೆ, ಒಡೆದ ಕವಲು ಮೇಲೆ ಕೂಗಾಡುತ್ತದೆ. ಬೇಸಿಗೆಂದೇ ಮಾಡಿದ ಪೆಡಲುಗಳಲ್ಲಿ ಇದಕ್ಕೊಂದು ನಾಬ್ ಇರುತ್ತದೆ. ಬಾಸ್ ಕಂಪನಿಯ ಓಡಿಬಿ-3ರಲ್ಲಿ ಅದರ ಹೆಸರು ಬ್ಯಾಲೆನ್ಸ್, ಟೆಕ್ 21ರ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರಿನಲ್ಲಿ ಮತ್ತು ಫಿನ್ಲೆಂಡಿನ ಡಾರ್ಕ್‌ಗ್ಲಾಸ್ ಬಿ3ಕೆಯಲ್ಲಿ ಬ್ಲೆಂಡ್; ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಬೇಸ್ ಬಿಗ್ ಮಫ್‌ನಲ್ಲಿ ಡ್ರೈ ಎಂಬ ಸ್ವಿಚ್ಚಿದೆ. ಡಾರ್ಕ್‌ಗ್ಲಾಸಿನ ಗ್ರಂಟ್ ಸ್ವಿಚ್, ಕತ್ತರಿಸುವ ಹಂತಕ್ಕೆ ತಳದ ಸದ್ದನ್ನು ಎಷ್ಟು ಬಿಡಬೇಕೆಂಬುದನ್ನು ನಿರ್ಧರಿಸುತ್ತದೆ. ಮೇಲೆ ನಾನು ಹೇಳಿದ್ದನ್ನೆಲ್ಲ ಒಂದು ಸ್ವಿಚ್ಚಿನಲ್ಲಿ ಅಡಕಗೊಳಿಸಿರುವುದರಿಂದ ಆ ವಿನ್ಯಾಸ ನನಗೆ ಮೆಚ್ಚುಗೆ. ಬೆಲೆ ಮಾತ್ರ ಗಾನಮೇಳದ ಸಂಭಾವನೆಗೆ ಹೊಂದುವಂಥದ್ದಲ್ಲ.

ಇರುವ ಪೆಡಲುಗಳನ್ನೇ ಬಳಸಬೇಕೆಂದಿದ್ದರೆ ಬಾಸ್ ಎಲ್‌ಎಸ್-2ರಂಥ ಲೈನ್ ಸೆಲೆಕ್ಟರ್ (ಸಿಗ್ನಲನ್ನು ಎರಡು ಕವಲಾಗಿ ಕಳುಹಿಸಿ ಮತ್ತೆ ಕೂಡಿಸುವ ಪೆಡಲ್) ಒಂದನ್ನು ಕೊಳ್ಳುವುದು ಜಾಣತನ. ಅದರ ಎ ಲೂಪಿನಲ್ಲಿ, ಅಂದರೆ ಮೊದಲ ಕವಲಿನಲ್ಲಿ, ನಿಮ್ಮ ಓವರ್‌ಡ್ರೈವ್ ಅಥವಾ ಫಝ್ ಹಾಕಿ, ಬಿ ಲೂಪಿನ ಸೆಂಡ್ (ಹೊರಹೋಗುವ) ಮತ್ತು ರಿಟರ್ನ್ (ಮರಳಿ ಬರುವ) ತೂತುಗಳ ನಡುವೆ ಒಂದು ಗಿಡ್ಡ ಕೇಬಲ್ ಜೋಡಿಸಿ, ಎರಡನ್ನೂ ಮಿಶ್ರಮಾಡುವ ಸ್ಥಾನದಲ್ಲಿ ಇಟ್ಟರೆ ಎರಡು ಲೆವೆಲ್ ನಾಬ್‌ಗಳಿಂದ ಪ್ರಮಾಣವನ್ನು ಹೊಂದಿಸಿಕೊಳ್ಳಬಹುದು. ನಿಮ್ಮ ಓವರ್‌ಡ್ರೈವ್ ಟ್ಯೂಬ್ ಸ್ಕ್ರೀಮರ್ ಎಂಬ ಹೆಸರಾಂತ ಪೆಡಲಿನ ನಕಲಾಗಿದ್ದರೆ ಈ ಏರ್ಪಾಡಿನಲ್ಲಿ ಅದು ಚೆನ್ನಾಗಿಯೇ ಕೂಡುತ್ತದೆ. ಸುಮಾರು 720 ಹರ್ಟ್ಝಿನಿಂದ ಕೆಳಗೆ ಅದರ ಗೇನ್ ಇಳಿಯುತ್ತಾ ಹೋಗುತ್ತದೆ. ಒಂಟಿಯಾಗಿ ಬಳಸಿದಾಗ ಬೇಸನ್ನು ಸೊರಗಿಸುವ ಆ ಗುಣವೇ ಪಕ್ಕದಲ್ಲಿ ಶುದ್ಧ ತಳ ಇದ್ದಾಗ ಅನುಕೂಲವಾಗುತ್ತದೆ. ರ‍್ಯಾಟ್ ಪೆಡಲ್ ಎಲ್ಲಿಯಾದರೂ ಹಳೆಯದು ಸಿಕ್ಕರೆ ಅದನ್ನೂ ಪ್ರಯತ್ನಿಸಿ. ಅದರ ಫಿಲ್ಟರ್ ನಾಬ್ ಉಳಿದ ಟೋನ್ ನಾಬ್‌ಗಳಿಗೆ ತದ್ವಿರುದ್ಧ, ಬಲಕ್ಕೆ ತಿರುಗಿಸಿದಷ್ಟೂ ಮೇಲಿನ ಸದ್ದು ಕಡಿಮೆಯಾಗುತ್ತದೆ.

ಮಿಶ್ರಮಾಡುವಾಗ ಒಂದು ಪರೀಕ್ಷೆ ಅಗತ್ಯ. ಕೆಲವು ಪೆಡಲುಗಳು ಅಲೆಯನ್ನು ತಲೆಕೆಳಗು ಮಾಡಿ ಹೊರಬಿಡುತ್ತವೆ. ಹಾಗಾದಾಗ ಒಡೆದ ಕವಲಿನ ತಳವೂ ಶುದ್ಧ ಕವಲಿನ ತಳವೂ ಒಂದನ್ನೊಂದು ಅಳಿಸುತ್ತವೆ. ಎರಡು ಕವಲುಗಳ ಸದ್ದನ್ನೂ ಸಮಮಾಡಿ ಇ ತಂತಿಯನ್ನು ಮೀಟಿ, ಒಂದೇ ಕವಲು ಇದ್ದಾಗಿನದಕ್ಕಿಂತ ತಳ ತೆಳುವಾದರೆ ಫೇಸ್ (ಅಲೆಯ ಏರಿಳಿತದ ದಿಕ್ಕು) ಉಲ್ಟಾ ಆಗಿದೆಯೆಂದು ತಿಳಿಯಿರಿ. ಫೇಸ್ ಸ್ವಿಚ್ ಇರುವ ಬ್ಲೆಂಡ್ ಪೆಡಲ್ ಆಗಲಿ, ಅದೇ ಲೂಪಿನಲ್ಲಿ ಅಲೆಯನ್ನು ತಿರುಗಿಸುವ ಮತ್ತೊಂದು ಪೆಡಲ್ ಆಗಲಿ ಇದಕ್ಕೆ ಪರಿಹಾರ.

ಕಿವಿಗೆ ಚುಚ್ಚುವ ಸದ್ದಿನ ಮೂಲ ಹೆಚ್ಚಾಗಿ ಸ್ಪೀಕರಿನ ಕಡೆ ಇರುತ್ತದೆ. ಗಿಟಾರ್ ಆಂಪಿನ ಸ್ಪೀಕರುಗಳು ಸುಮಾರು 5000 ಹರ್ಟ್ಝಿನ ಮೇಲಿನದನ್ನು ತಾವಾಗಿಯೇ ತಗ್ಗಿಸಿಬಿಡುತ್ತವೆ. ಟ್ವೀಟರ್ (ಮೇಲಿನ ಸದ್ದಿಗೆಂದೇ ಇರುವ ಸಣ್ಣ ಸ್ಪೀಕರ್) ಇರುವ ಬೇಸ್ ಕ್ಯಾಬಿನೆಟ್ಟಾಗಲಿ, ಮೈಕ್‌ಸೆಟ್ಟಿನವರ ದೊಡ್ಡ ಪೆಟ್ಟಿಗೆಗಳಾಗಲಿ ಹಾಗೆ ಮಾಡುವುದಿಲ್ಲ. ಕ್ಯಾಬಿನೆಟ್ಟಿನ ಟ್ವೀಟರನ್ನು ಆ ಹಾಡಿಗೆ ಆಫ್ ಮಾಡಿ. ಪೆಡಲಿನಿಂದ ನೇರವಾಗಿ ಮಿಕ್ಸರಿಗೆ ಕೊಡುವುದಾದರೆ ಕ್ಯಾಬಿನೆಟ್ಟಿನ ಗುಣವನ್ನು ಅನುಕರಿಸುವ ಸ್ಯಾನ್ಸ್‌ಆಂಪಿನಂಥದ್ದು ಕೊನೆಯಲ್ಲಿರಲಿ, ಇಲ್ಲವೇ ಮಿಕ್ಸರಿನಲ್ಲಿ ಕುಳಿತವರಿಗೆ 4000 ಹರ್ಟ್ಝಿನ ಮೇಲಿನದನ್ನು ಧಾರಾಳವಾಗಿ ಇಳಿಸಲು ಮೊದಲೇ ಹೇಳಿಡಿ. ಹಾಡು ಆರಂಭವಾದ ಮೇಲೆ ವೇದಿಕೆಯಿಂದ ಕೈಸನ್ನೆ ಮಾಡಿದರೆ ಅವರು ವಾಲ್ಯೂಮನ್ನೇ ಇಳಿಸುತ್ತಾರೆ.

ಉತ್ಸವದ ವೇದಿಕೆಗಳಲ್ಲಿ ಗುಂಯ್‌ಗುಡುವ ಸದ್ದಿನ ಕಾಟವೂ ಇದೆ. ನಮ್ಮ ವಿದ್ಯುತ್ತಿನ 50 ಹರ್ಟ್ಝ್, ಇ ತಂತಿಯ ಮೂರನೆಯ ಫ್ರೆಟ್ಟಿನ 49 ಹರ್ಟ್ಝಿನ ಜಿ ಸ್ವರಕ್ಕೆ ಬಹುತೇಕ ಸಮ. ಆದ್ದರಿಂದ ಅದನ್ನು ಈಕ್ವಲೈಸರಿನಿಂದ ತೆಗೆಯಹೋದರೆ ಆ ಸ್ವರವೂ ಬಡವಾಗುತ್ತದೆ. ಎಲ್ಲ ಪೆಡಲುಗಳಿಗೂ ಒಂದೇ ಅಡಾಪ್ಟರಿನ ಸರಪಳಿ ಹಾಕುವ ಬದಲು ಪ್ರತಿ ಪೆಡಲಿಗೂ ಪ್ರತ್ಯೇಕಿಸಿದ ಹೊರಹರಿವು ಇರುವ ಪವರ್ ಸಪ್ಲೈ ಬಳಸಿದರೆ ತೊಂದರೆ ಬಹಳ ಕಡಿಮೆಯಾಗುತ್ತದೆ, ಮತ್ತು ದೀಪಾಲಂಕಾರದ ಡಿಮ್ಮರ್ ಇರುವ ಲೈನಿನಿಂದ ನಿಮ್ಮ ಪ್ಲಗ್ಗನ್ನು ದೂರವಿಡುವಂತೆ ಕೇಳಿಕೊಳ್ಳಿ. ಬೇಸಿನೊಳಗಿನ ಬ್ಯಾಟರಿಯನ್ನೂ ಮರೆಯಬೇಡಿ. ಕೇಬಲ್ ಚುಚ್ಚಿದೊಡನೆ ಪ್ರೀಆಂಪ್ ಚಾಲೂ ಆಗುವುದರಿಂದ ನುಡಿಸದಿರುವಾಗ ಕೇಬಲ್ ತೆಗೆದಿಡಬೇಕು. ಬ್ಯಾಟರಿ ಇಳಿದಾಗ ಪ್ರೀಆಂಪೇ ಸಿಗ್ನಲನ್ನು ಒಡೆಯತೊಡಗುತ್ತದೆ, ಆ ಒಡಕನ್ನು ಯಾವ ಪೆಡಲೂ ಸರಿಮಾಡಲಾರದು. ಮಲ್ಟಿಮೀಟರಿನಲ್ಲಿ 9 ವೋಲ್ಟಿನ ಬ್ಯಾಟರಿ 8ಕ್ಕಿಂತ ಕೆಳಗೆ ತೋರಿಸಿದರೆ ಕಾರ್ಯಕ್ರಮಕ್ಕೆ ಮೊದಲೇ ಬದಲಿಸಿ.

ಕೊನೆಯದಾಗಿ 18 ವೋಲ್ಟಿನ ವಿಚಾರ. ಪೆಡಲಿನ ಮೇಲೆ ಅಥವಾ ಅದರ ಕೈಪಿಡಿಯಲ್ಲಿ 18 ವೋಲ್ಟ್ ಕೊಡಬಹುದೆಂದು ತಯಾರಕರೇ ಬರೆದಿದ್ದರೆ ಮಾತ್ರ ಕೊಡಿ. ಆಗ ಅದರ ಆರಂಭದ ಹಂತ ಬಲವಾದ ಸಿಗ್ನಲನ್ನು ಒಡೆಯದೆ ತಾಳಿಕೊಳ್ಳುತ್ತದೆ, ಆಕ್ಟಿವ್ ಬೇಸಿಗೆ ಅದರಿಂದ ಪ್ರಯೋಜನವೂ ಉಂಟು. ಹಾಗೆ ಬರೆಯದಿರುವ 9 ವೋಲ್ಟಿನ ಪೆಡಲಿಗೆ ಕೊಟ್ಟರೆ ಒಳಗಿನ ಕೆಪ್ಯಾಸಿಟರ್ ಅಥವಾ ಐಸಿ ಸುಟ್ಟುಹೋಗಬಹುದು, ಅದೂ ನಿಮ್ಮದು ಗೆಳೆಯರಿಂದ ತಂದ ಪೆಡಲ್.