ಐದನೇ ಸೆಮಿಸ್ಟರ್ ತೋರಿಸಿ ಅನ್ನಿ

(ಊರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಜಮಖಂಡಿ ಕಡೆಯ ಹಳ್ಳಿಯ ಕಬ್ಬು ಬೆಳೆಗಾರ ತಂದೆ, ಸಿಇಟಿ ಬರೆದ ಮಗಳು. ಕಾಲೇಜು ಆಯ್ಕೆಗೆ ಸಲಹೆ ಕೊಡುವ, ಬಾಗಲಕೋಟೆ ನವನಗರದ ನನ್ನ ಕಚೇರಿಗೆ ಬಂದಾಗ ತಂದೆಯ ಕೈಯಲ್ಲಿ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಬಣ್ಣದ ಪುಸ್ತಿಕೆ ಇತ್ತು. ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮಷೀನ್ ಲರ್ನಿಂಗ್) ಶಾಖೆ, ಮ್ಯಾನೇಜ್‌ಮೆಂಟ್ ಸೀಟು. ನಾಳೆಯೊಳಗೆ ಟೋಕನ್ ಹಣ ಹಾಕದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಅಂತ ಏಜೆಂಟ್ ಹೇಳಿದ್ದನಂತೆ. "ಕಬ್ಬಿನ ಬಿಲ್ಲು ಬಂದೈತ್ರಿ ಮೇಡಂ. ಉಳಿದದ್ದಕ್ಕ ಹೊಲದ ಮ್ಯಾಲ ಸಾಲ ತಗೀತೀನಿ. ಕಾಲೇಜು ಚಲೋ ಐತೇನು, ಅಷ್ಟ ಹೇಳ್ರಿ."

ಮಗಳು ಬಾಯಿ ಬಿಡಲಿಲ್ಲ.

ಇಡೀ ಕಾಲೇಜಿಗೆ ಚಲೋ, ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಂದೇ ಕಟ್ಟಡದಲ್ಲಿ ಒಂದು ವಿಭಾಗ ಗಟ್ಟಿಯಾಗಿರುತ್ತದೆ, ಮೇಲಿನ ಮಹಡಿಯದು ಸೊರಗಿರುತ್ತದೆ. ಹಾಗಾಗಿ ಪುಸ್ತಿಕೆಯನ್ನು ಇಬ್ಬರೊಂದಿಗೆ ಕೂತು ಓದಿದೆ. ಮುಖಪುಟದಲ್ಲೇ 'ಎನ್‌ಬಿಎ ಮಾನ್ಯತೆ' ಎಂದಿತ್ತು. ನ್ಯಾಕ್, ಎನ್‌ಬಿಎ ಎರಡೂ ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಗಳು. ನ್ಯಾಕ್ ಇಡೀ ಕಾಲೇಜಿಗೆ ಮಾನ್ಯತೆ ಕೊಡುತ್ತದೆ. ಎನ್‌ಬಿಎ ಹಾಗಲ್ಲ, ಒಂದೊಂದು ಶಾಖೆಯನ್ನು ಬೇರೆಬೇರೆಯಾಗಿ ನೋಡುತ್ತದೆ, ಅದೂ ಮೂರು ಅಥವಾ ಆರು ವರ್ಷದ ಮಟ್ಟಿಗೆ. ಎನ್‌ಬಿಎ ವೆಬ್‌ಸೈಟ್ ತೆರೆದು ನೋಡಿದೆವು. ಆ ಕಾಲೇಜಿನ ಮಾನ್ಯತೆ ಇದ್ದದ್ದು ಮೆಕ್ಯಾನಿಕಲ್ ಮತ್ತು ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್) ಶಾಖೆಗಳಿಗೆ. ಎಐ-ಎಂಎಲ್ ಶುರುವಾಗಿ ಎರಡೇ ವರ್ಷ. ಎರಡು ಬ್ಯಾಚ್ ಆದರೂ ಓದು ಮುಗಿಸಿ ಹೊರಬಂದಿರದೆ ಎನ್‌ಬಿಎ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಒಂದು ಬ್ಯಾಚೂ ಹೊರಬಂದಿಲ್ಲ. ಹಾಗಾದರೆ ಒಳಪುಟದಲ್ಲಿ ನಗುತ್ತಾ ಆಫರ್ ಲೆಟರ್ ಹಿಡಿದು ನಿಂತ ಹುಡುಗರು ಯಾರು? ಬೇರೆ ಶಾಖೆಯವರು. ಪುಸ್ತಿಕೆಯಲ್ಲಿ ಸುಳ್ಳು ಒಂದೂ ಇರಲಿಲ್ಲ, ಜಾಣತನ ಮಾತ್ರ ಜಾಸ್ತಿ ಇತ್ತು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ, ತಂದೆಯ ಅಣ್ಣನ ಮಗ ಫೋನಿನಲ್ಲಿ ಬಂದ. "ಅಲ್ಲಿ ಓದಿದ್ರ ಏನ್ ಸಿಗತೈತಿ ಕಾಕಾ, ಇಲ್ಲಿಗೆ ಕಳಸ್ರಿ" ಎಂದ. ಅವನ ಮಾತಿನಲ್ಲಿ ಅರ್ಧ ನಿಜ ಇದೆ. ಇಂಟರ್ನ್‌ಶಿಪ್ ಅಲ್ಲಿ ಸುಲಭ, ಕಂಪನಿಗಳು ಹೆಚ್ಚು ಬರುತ್ತವೆ. ಆದರೆ ಪುಸ್ತಿಕೆಯ ಆ ಕಾಲೇಜು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ್ದು, ತನ್ನದೇ ಪಠ್ಯ, ಪರೀಕ್ಷೆ ಇಟ್ಟುಕೊಳ್ಳುವ ಸ್ವಾಯತ್ತ ಕಾಲೇಜು ಅಲ್ಲ. ಅಂಥ ಕಾಲೇಜುಗಳಿಗೆಲ್ಲ ಪಠ್ಯ ಒಂದೇ, ಸೆಮಿಸ್ಟರ್ ಪ್ರಶ್ನೆಪತ್ರಿಕೆಯೂ ಒಂದೇ, ಬೆಂಗಳೂರಾಗಲಿ ಬಾಗಲಕೋಟೆಯಾಗಲಿ. ಅದನ್ನು ರೂಪಿಸುವ ವಿಶ್ವವಿದ್ಯಾಲಯ ಇರುವುದು ನಮ್ಮ ಬೆಳಗಾವಿಯಲ್ಲೇ. ಕಂಪ್ಯೂಟರ್‌ಗೆ ಸೇರಿದ ಶಾಖೆಯ ಹೆಸರು ಏನೇ ಇರಲಿ, ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್, ಅಲ್ಗಾರಿದಮ್ ಓದಲೇಬೇಕು. ವ್ಯತ್ಯಾಸ ಆಗುವುದು ಅದನ್ನು ಯಾರು ಕಲಿಸುತ್ತಾರೆ, ಲ್ಯಾಬ್ ಹೇಗೆ ನಡೆಯುತ್ತದೆ ಅನ್ನುವುದರಲ್ಲಿ.

ತಂದೆ ಫೋನ್ ಹಿಡಿದು ಹೊರಗೆ ಹೋದಾಗ ಹುಡುಗಿ ಮಾತಾಡಿದಳು. ಹತ್ತನೇವರೆಗೆ ಊರಿನ ಕನ್ನಡ ಶಾಲೆ. ಪಿಯುಸಿಯಲ್ಲಿ ಮೊದಲ ಮೂರು ತಿಂಗಳು ಇಂಗ್ಲಿಷ್ ಪಾಠ ತಲೆಗೆ ಹತ್ತಲೇ ಇಲ್ಲ, ದೊಡ್ಡ ಊರಿಗೆ ಹೋದರೆ ಮತ್ತೆ ಹಾಗೇ ಆಗುತ್ತದೆ ಅಂತ ಭಯ. ಹೊಲದ ಮೇಲಿನ ಸಾಲ ಇನ್ನೊಂದು ಭಯ. ಕಂಪ್ಯೂಟರ್ ಯಾಕೆ ಬೇಕು ಎಂದು ಕೇಳಿದೆ. ಊರಿನ ಹಾಲಿನ ಡೇರಿಯಲ್ಲಿ ಫ್ಯಾಟ್ ಅಳೆದ ಕೂಡಲೇ ಯಂತ್ರ ಚೀಟಿಯಲ್ಲಿ ರೇಟು ಹಾಕಿ ಕೊಡುತ್ತದಲ್ಲ, ಅದು ಹೇಗೆ ಲೆಕ್ಕ ಹಾಕುತ್ತದೆ ಅಂತ ಕಾರ್ಯದರ್ಶಿಯನ್ನು ಕಾಡಿ ಕೇಳಿ, ವಹಿಯಲ್ಲಿ ತಾನೇ ಪಟ್ಟಿ ಬರೆದು ತಾಳೆ ನೋಡಿದ್ದಳಂತೆ. 'ಸ್ಕೋಪ್ ಇದೆ' ಅನ್ನುವ ಉತ್ತರಕ್ಕಿಂತ ಇದು ನನಗೆ ಹೆಚ್ಚು ಭರವಸೆ ಕೊಟ್ಟಿತು.

ಅವರಿಗೆ ಕೊಟ್ಟ ಮೊದಲ ಸಲಹೆ: ಟೋಕನ್ ಕಟ್ಟಬೇಡಿ. ಸಿಇಟಿ ನಡೆಸುವ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆ ಇನ್ನೂ ಬಾಕಿ ಇತ್ತು. ತಂದೆ ಕಳೆದ ವರ್ಷದ ಕಟ್‌ಆಫ್ ಪಟ್ಟಿಯಲ್ಲಿ ಜಿಎಂ (ಸಾಮಾನ್ಯ ವರ್ಗ) ಕಾಲಮ್ ಒಂದನ್ನೇ ನೋಡಿ ಕೈಚೆಲ್ಲಿದ್ದರು. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಮೀಸಲಿದೆ. ಮಗಳು ಅರ್ಜಿಯಲ್ಲಿ ಎರಡನ್ನೂ ತುಂಬಿದ್ದಳು, ತಂದೆಗೇ ಗೊತ್ತಿರಲಿಲ್ಲ. 3ಬಿ ಮೀಸಲಾತಿ ವರ್ಗದ ಅವಳಿಗೆ ಸಂಬಂಧಿಸಿದ್ದು 3ಬಿಜಿ (ಸಾಮಾನ್ಯ), 3ಬಿಆರ್ (ಗ್ರಾಮೀಣ), 3ಬಿಕೆ (ಕನ್ನಡ ಮಾಧ್ಯಮ) ಕಾಲಮ್‌ಗಳು. ಅವನ್ನು ನೋಡಿದಾಗ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಹಳೆಯ ಕಾಲೇಜುಗಳ ಸಿಎಸ್ (ಕಂಪ್ಯೂಟರ್ ಸೈನ್ಸ್) ಶಾಖೆಗಳು ಅವಳ ರ‍್ಯಾಂಕಿಗೆ ಎಟುಕುವ ಹಾಗೆ ಕಂಡವು. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಆದ್ಯತೆ ಪಟ್ಟಿಯಲ್ಲಿ, ನಿಜವಾಗಿ ಬೇಕಾದದ್ದನ್ನೇ ಮೇಲೆ ಹಾಕಬೇಕು. ಸಿಗಲಾರದ್ದನ್ನು ಮೇಲೆ ಹಾಕಿದರೆ ಕೆಳಗಿನದು ಕೈತಪ್ಪುವುದಿಲ್ಲ.

ಎರಡನೆಯದು, ಎಟುಕುವ ಕಾಲೇಜುಗಳಿಗೆ ಕ್ಲಾಸು ನಡೆಯುವ ದಿನ ಹೋಗಿ ಬನ್ನಿ ಎಂದೆ. ಗೇಟಿನ ಹತ್ತಿರದ ಬ್ಯಾನರ್ ನೋಡಿ ಬರಬೇಡಿ, ಐದನೇ ಸೆಮಿಸ್ಟರ್ ವೇಳಾಪಟ್ಟಿ ತೋರಿಸಿ ಅನ್ನಿ. ಮೊದಲ ವರ್ಷ ಎಲ್ಲ ಶಾಖೆಗೂ ಹೆಚ್ಚುಕಡಿಮೆ ಒಂದೇ ಥರ. ವಿಭಾಗದ ಬಲ ಗೊತ್ತಾಗುವುದು ಮೂರನೇ ವರ್ಷದಲ್ಲಿ. ವೇಳಾಪಟ್ಟಿಯಲ್ಲಿರುವ ಹೆಸರು ವೆಬ್‌ಸೈಟಿನ ಬೋಧಕರ ಪಟ್ಟಿಯಲ್ಲಿ ಇದೆಯಾ? ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ನಿಯಮದ ಪ್ರಕಾರ 20 ವಿದ್ಯಾರ್ಥಿಗೆ ಒಬ್ಬ ಬೋಧಕರು ಇರಬೇಕು. 60 ಸೀಟಿನ ಒಂದು ಸೆಕ್ಷನ್ ಅಂದರೆ ನಾಲ್ಕು ವರ್ಷಕ್ಕೆ 240 ಮಕ್ಕಳು, 12 ಬೋಧಕರು. 180 ಸೀಟಾದರೆ 36. 2024-25ರಿಂದ ಒಂದು ಶಾಖೆಯಲ್ಲಿ ಇಷ್ಟೇ ಸೀಟು ಅನ್ನುವ ಮಿತಿ ಸಡಿಲವಾಗಿದೆ. ಸಿಎಸ್ ಸೀಟು ಹೆಚ್ಚಿಸುವುದು ಸುಲಭ, ಅಷ್ಟು ಮಂದಿ ಒಳ್ಳೆಯ ಮೇಷ್ಟ್ರನ್ನು ಹುಡುಕುವುದು ಸುಲಭ ಅಲ್ವಲ್ಲ.

ಆಮೇಲೆ ಕ್ಯಾಂಟೀನಿಗೆ ಹೋಗಿ. ಇದು ಹುಡುಗಿಗೆ ಕೊಟ್ಟ ಕೆಲಸ. ಮೂರನೇ ವರ್ಷದ ಅಕ್ಕಂದಿರನ್ನು ಕೇಳು: ಲ್ಯಾಬಿನಲ್ಲಿ ಪ್ರೋಗ್ರಾಮ್ ನೀವೇ ಬರೀತೀರಾ, ಮ್ಯಾನ್ಯುಯಲ್ ನೋಡಿ ಇಳಿಸ್ತೀರಾ? ಸಂಜೆ ಲ್ಯಾಬ್ ತೆರೆದಿರುತ್ತದಾ? ಕೊನೆಯ ವರ್ಷದ ಪ್ರಾಜೆಕ್ಟ್ ಇಲ್ಲೇ ಮಾಡ್ತಾರಾ, ಹೊರಗೆ ದುಡ್ಡು ಕೊಟ್ಟು ತರ್ತಾರಾ? ಕನ್ನಡ ಮಾಧ್ಯಮದಿಂದ ಬಂದವರು ಹೇಗೆ ಸುಧಾರಿಸಿಕೊಂಡರು? ಪ್ಲೇಸ್‌ಮೆಂಟ್ ಕಚೇರಿಯಲ್ಲಿ ಅತಿ ಹೆಚ್ಚು ಸಂಬಳ ಎಷ್ಟು ಅಂತ ಕೇಳಬೇಡ, ಅದು ಒಬ್ಬರಿಗೆ ಸಿಕ್ಕಿದ್ದು. ನಿಮ್ಮ ಶಾಖೆಯಲ್ಲಿ ಎಷ್ಟು ಜನ ಓದು ಮುಗಿಸಿದರು, ಎಷ್ಟು ಜನ ಕೆಲಸಕ್ಕೆ ಸೇರಿದರು, ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನ ಸಂಬಳ ಎಷ್ಟು ಅಂತ ಕೇಳು. ಒಬ್ಬನಿಗೆ ಮೂರು ಆಫರ್ ಬಂದರೆ ಮೂರು ಅಂತ ಎಣಿಸುವ ಕಡೆಗಳೂ ಉಂಟು.

ತಂದೆಯ ಜೊತೆ ಸಾಲದ ಮಾತು ಬೇರೆಯಾಗಿ ಆಡಿದೆ. ಮಗಳ ಓದಿಗೆ ಹೊಲ ಅಡ ಇಟ್ಟೆ ಅನ್ನುವುದು ಅವರಿಗೆ ಪ್ರೀತಿ ತೋರಿಸುವ ದಾರಿ. ಮಗಳಿಗೆ ಅದು ನಾಲ್ಕು ವರ್ಷ ಹೊರುವ ಭಾರ. ಒಂದು ಸಬ್ಜೆಕ್ಟ್ ಬಿದ್ದರೂ ಮನೆಗೆ ಹೇಳಲಾರಳು. ಇದನ್ನು ಅವಳ ಎದುರಿಗೇ ಹೇಳಿದೆ. ಅವರು ಮಗಳ ಕಡೆ ತಿರುಗಿ, "ಹೌದೇನವಾ?" ಎಂದರು. ಅವಳು ತಲೆ ಆಡಿಸಿದಳು.

ತಂದೆ-ಮಗಳು ಮೂರು ಕಾಲೇಜು ಸುತ್ತಿದರು. ಒಂದರಲ್ಲಿ ವೇಳಾಪಟ್ಟಿ ತೋರಿಸಲೇ ಇಲ್ಲ, ಅದನ್ನು ಕೆಳಗಿಳಿಸಿದರು. ಕೊನೆಗೆ ಮನೆಯಿಂದ ವಾರಕ್ಕೊಮ್ಮೆ ಹೋಗಿ ಬರುವಷ್ಟು ದೂರದಲ್ಲಿ, ಕೆಇಎ ಮೂಲಕವೇ ಸಿಎಸ್ ಸೀಟು ಸಿಕ್ಕಿತು. ಅಣ್ಣನ ಮಗನಿಗೆ ಇನ್ನೂ ಸಮಾಧಾನ ಇಲ್ಲ.

ಹೋದ ತಿಂಗಳು ತಂದೆ ಫೋನ್ ಮಾಡಿದ್ದರು, ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಕೊಡಿಸಬೇಕೇನ್ರಿ ಅಂತ. ಮೊದಲ ವರ್ಷ ಸಿ ಪ್ರೋಗ್ರಾಮಿಂಗ್‌ಗೆ ಕಾಲೇಜು ಲ್ಯಾಬ್ ಸಾಕು, ಕೊಡಿಸುವುದಾದರೆ ಅರ್ಧ ಬೆಲೆಯದ್ದೂ ನಡೆಯುತ್ತದೆ, ಯಾವುದು ಅಂತ ಅವಳೇ ನೋಡಿ ಹೇಳಲಿ ಎಂದೆ.