ಹತ್ತಕ್ಕೆ ಎಷ್ಟು? ಹಳೆಯ ಆಲ್ಬಂ ಕೇಳುವವರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಯಲ್ಲಿರುವ ಎಲ್‌ಪಿ (ಗ್ರಾಮಫೋನ್ ತಟ್ಟೆ), ಕ್ಯಾಸೆಟ್, ಸಿಡಿಗಳನ್ನೆಲ್ಲ ಒಂದೊಂದಾಗಿ ಕೇಳಿ ಹತ್ತಕ್ಕೆ ಇಷ್ಟು ಎಂದು ಅಂಕ ಬರೆದಿಡುತ್ತಿದ್ದೇನೆ. ಯಾವುದಕ್ಕೆ ಕೊಟ್ಟರೂ 8 ಅಥವಾ 9 ಬೀಳುತ್ತದೆ. ಹಾಡು ಹಾಡಿಗೂ ಅಂಕ ಹಾಕಿ ಸರಾಸರಿ ತೆಗೆದರೂ ಅಷ್ಟೇ. ಏನು ಮಾಡಲಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮನೆಯಲ್ಲಿರುವುದೆಲ್ಲ ನೀವೇ ಆರಿಸಿ ಕೊಂಡದ್ದು. ಹಿಡಿಸದ್ದು ಮನೆಯೊಳಗೆ ಬಂದಿರುವುದೇ ಕಡಿಮೆ, ಹಾಗಾಗಿ ಅಂಕಗಳೆಲ್ಲ ಮೇಲೇ ಗುಂಪುಗೂಡುತ್ತವೆ. ಮೊದಲು ಮೂರು ಗೂಟ ನೆಟ್ಟುಕೊಳ್ಳಿ. ನಿಮಗೆ ಬಾಯಿಪಾಠವಾಗಿರುವ ಮೂರು ಆಲ್ಬಂ ಆರಿಸಿ, ಒಂದಕ್ಕೆ 9, ಒಂದಕ್ಕೆ 7, ಒಂದಕ್ಕೆ 5 ಎಂದು ಗೊತ್ತುಮಾಡಿ. ಆಮೇಲೆ ಯಾವುದನ್ನೇ ಕೇಳಿದರೂ ‘ಇದಕ್ಕೆ ಎಷ್ಟು?’ ಎಂದು ಯೋಚಿಸಬೇಡಿ. ‘7ರ ಆ ಆಲ್ಬಂ ಬಿಟ್ಟು ಇದನ್ನು ಮತ್ತೆ ಹಾಕುತ್ತೇನೆಯೇ?’ ಎಂದು ಕೇಳಿಕೊಳ್ಳಿ. ಉತ್ತರ ತಾನಾಗಿ ಬರುತ್ತದೆ.

ಹಾಡುಗಳ ಸರಾಸರಿ ದಾರಿ ತಪ್ಪಿಸುತ್ತದೆ. 1976ರಲ್ಲಿ ಬಂದ ಶಕ್ತಿ ತಂಡದ ಮೊದಲ ಆಲ್ಬಂ ನೋಡಿ. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲ, ವಿನಾಯಕ್‌ರಾಂ ಘಟ, ಆರ್. ರಾಘವನ್ ಮೃದಂಗ. ಅದರಲ್ಲಿರುವುದು ಮೂರೇ ಕೃತಿ, ಸುಮಾರು 18, 5 ಮತ್ತು 29 ನಿಮಿಷದವು. ನಾವು ಕೊಡುವ ಅಂಕ ಕ್ರಮವಾಗಿ 9, 9, 7. ಸುಮ್ಮನೆ ಕೂಡಿ ಮೂರರಿಂದ ಭಾಗಿಸಿದರೆ 8.3. ಆದರೆ ಐದು ನಿಮಿಷದ ಕೃತಿಗೂ ಇಪ್ಪತ್ತೊಂಬತ್ತು ನಿಮಿಷದ್ದಕ್ಕೂ ಒಂದೇ ತೂಕ ಹೇಗಾದೀತು? ಅಂಕವನ್ನು ನಿಮಿಷದಿಂದ ಗುಣಿಸಿ ಕೂಡಿದರೆ 162+45+203, ಅಂದರೆ 410. ಒಟ್ಟು 52 ನಿಮಿಷದಿಂದ ಭಾಗಿಸಿದರೆ 7.9. ನೀವು ನಿಜವಾಗಿ ಕುಳಿತು ಕೇಳಿದ ಹೊತ್ತಿಗೆ ಈ ಲೆಕ್ಕವೇ ಹತ್ತಿರ.

ಇದೂ ಕೊನೆಯ ಅಂಕವಲ್ಲ. ಕೃತಿಗಳನ್ನು ಜೋಡಿಸಿದ ಕ್ರಮ, ಒಂದು ಬದಿ ಮುಗಿದು ಇನ್ನೊಂದು ಶುರುವಾಗುವ ಜಾಗ, ಇವುಗಳಿಗಾಗಿ ಒಂದು ಅಂಕದವರೆಗೆ ಏರಿಸಬಹುದು, ಇಳಿಸಬಹುದು. ಬೇರೆ ಬೇರೆ ದಿನ ಎರಡು ಸಲ ಪೂರ್ತಿ ಕೇಳಿದ ಮೇಲೆಯೇ ಬರೆಯಿರಿ. ಅಂಕದ ಪಕ್ಕದಲ್ಲಿ ಯಾವ ವರ್ಷದ ಮುದ್ರಣ, ಎಲ್‌ಪಿಯೋ ಸಿಡಿಯೋ, ಸ್ಪೀಕರೋ ಹೆಡ್‌ಫೋನೋ ಎಂಬುದೂ ಇರಲಿ. ಇವಿಲ್ಲದ ಅಂಕ ಒಂದು ವರ್ಷ ಕಳೆದರೆ ನಿಮಗೇ ಅರ್ಥವಾಗುವುದಿಲ್ಲ.

ಪ್ರಶ್ನೆ: ಜಾಝ್ ಕಲಾವಿದ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ ಹಳೆಯ ಎಲ್‌ಪಿ ಹಾಕಿ ಜೊತೆಗೆ ಕೊಳಲು ನುಡಿಸಿದರೆ ಶ್ರುತಿ ಕೂಡುವುದಿಲ್ಲ. ಗೆಳೆಯರ ಸಿಡಿಯೊಂದಿಗೆ ಕೂಡುತ್ತದೆ. ತಪ್ಪು ತಟ್ಟೆಯದೋ, ನಮ್ಮ ಟರ್ನ್‌ಟೇಬಲ್‌ದೋ? ನಮ್ಮ ತೋಟದಲ್ಲಿ ಕರೆಂಟ್ ಹೋದಾಗ ಜನರೇಟರ್ ಓಡುತ್ತದೆ.
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಎರಡೂ ಇರಬಹುದು, ಬೇರೆ ಮಾಡಿ ನೋಡಬೇಕು. 1959ರ ಮಾರ್ಚ್ 2ರಂದು ಈ ಆಲ್ಬಂನ ಮೊದಲ ಬದಿ ಧ್ವನಿಮುದ್ರಣವಾದಾಗ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ತುಂಬಿಕೊಂಡದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತದೆ. ಅಂದು ಜೊತೆಯಲ್ಲಿ ಓಡುತ್ತಿದ್ದ ಎರಡನೇ ಯಂತ್ರದ ಟೇಪು ಸರಿಯಿತ್ತು. 1992ರ ಮರುಮುದ್ರಣದಲ್ಲಿ ಅದನ್ನು ಬಳಸಿ ತಿದ್ದಿದರು. ಎರಡನೇ ಬದಿ ಮುದ್ರಣವಾದದ್ದು ಏಪ್ರಿಲ್ 22ರಂದು. ಅದಕ್ಕೆ ಈ ತೊಂದರೆಯಿಲ್ಲ. ಆದ್ದರಿಂದ ಕೊಳಲು ಮೊದಲ ಬದಿಗೆ ಮಾತ್ರ ಕೂಡದಿದ್ದರೆ ಅದು ಮುದ್ರಣದ ದೋಷ. ಎರಡೂ ಬದಿಗೆ ಕೂಡದಿದ್ದರೆ ನಿಮ್ಮ ಯಂತ್ರದ್ದು.

ಯಂತ್ರದ ವೇಗ ನೋಡಲು ಸ್ಟ್ರೋಬ್ ತಟ್ಟೆಯನ್ನು (ವೇಗ ಸರಿಯಿದ್ದರೆ ದೀಪದ ಬೆಳಕಿನಲ್ಲಿ ಇದರ ಗೆರೆಗಳು ನಿಂತಂತೆ ಕಾಣುತ್ತವೆ) ಜನರೇಟರ್ ಓಡುವಾಗ ನಂಬಬೇಡಿ. ಎಸಿ ಸಿಂಕ್ರೊನಸ್ ಮೋಟಾರಿನ ಟರ್ನ್‌ಟೇಬಲ್ ವಿದ್ಯುತ್ತಿನ ಆವರ್ತನವನ್ನೇ ಹಿಂಬಾಲಿಸುತ್ತದೆ. 50 ಹರ್ಟ್ಸ್ ಇರಬೇಕಾದಲ್ಲಿ 48 ಆದರೆ ವೇಗ ನೂರಕ್ಕೆ 4ರಷ್ಟು ಕಡಿಮೆ, ಶ್ರುತಿ ಅರ್ಧ ಸ್ವರಸ್ಥಾನಕ್ಕಿಂತಲೂ ಹೆಚ್ಚು ಇಳಿಯುತ್ತದೆ. ದೀಪ ಮಿನುಗುವುದೂ ಅದೇ 48ಕ್ಕೆ ತಕ್ಕಂತೆಯೇ ಆದ್ದರಿಂದ ಗೆರೆಗಳು ಅಲುಗದೆ ನಿಂತು ‘ಎಲ್ಲ ಸರಿ’ ಎನ್ನುತ್ತವೆ! ಬದಲಿಗೆ ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಗಡಿಯಾರ ಹಿಡಿದು ಮೂರು ನಿಮಿಷ ಸುತ್ತು ಎಣಿಸಿ. 33⅓ ವೇಗಕ್ಕೆ ಸರಿಯಾಗಿ 100 ಸುತ್ತು ಬರಬೇಕು. 96 ಬಂದರೆ ಜನರೇಟರಿನ ಗವರ್ನರ್ (ವೇಗ ಹಿಡಿದಿಡುವ ಭಾಗ) ಸರಿಮಾಡಿಸಿ, ಇಲ್ಲವೇ ಕರೆಂಟ್ ಬರುವವರೆಗೆ ಕಾಯಿರಿ. ವೇಗವನ್ನು ತಾನೇ ಹಿಡಿದಿಡುವ ಡಿಸಿ ಮೋಟಾರಿಗೆ ಈ ಕಾಟವಿಲ್ಲ.

ಅಂಕ? ತಿದ್ದಿದ ಆವೃತ್ತಿಗೆ 10. ಹಳೆಯದಕ್ಕೆ 9.5, ಅದೂ ಶ್ರುತಿ ಸೇರಿಸಿ ನುಡಿಸುವವರಿಗೆ ಮಾತ್ರ.

ಪ್ರಶ್ನೆ: ಮಳೆಗಾಲದ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ ತಟ್ಟೆಗಳ ಮೇಲೆ, ಕ್ಯಾಸೆಟ್ಟಿನೊಳಗೆ ಬಿಳಿ ಬೂಷ್ಟು. ಬರೀ ಚಟಪಟ ಸದ್ದು. ಅಂಕ ಕೊಡುವುದು ಹಾಗಿರಲಿ, ಕೇಳುವುದೇ ಕಷ್ಟ.
– ಓದುಗರೊಬ್ಬರು, ಭಾಗಮಂಡಲ

ಉತ್ತರ: ಬೂಷ್ಟು ಹಿಡಿದದ್ದನ್ನು ಹಾಗೇ ಹಾಕಬೇಡಿ. ಮುಳ್ಳು ಆ ಕೊಳೆಯನ್ನು ಗೀರಿನೊಳಕ್ಕೆ ಅರೆದು ಕೂರಿಸುತ್ತದೆ, ಆಮೇಲೆ ತೊಳೆದರೂ ಬರುವುದಿಲ್ಲ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಮೆತ್ತನೆ ಬ್ರಶ್ಶಿನಿಂದ ಒಣದಾಗಿಯೇ ಜಾಡಿಸಿ. ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರಿಗೆ (ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆಂದು ಸಿಗುವುದೇ ಸಾಕು) ಸುಮಾರು 75 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ. ನಡುವಿನ ಲೇಬಲ್ ನೆನೆಯದಂತೆ, ಗೀರಿನ ಉದ್ದಕ್ಕೇ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ. ಅಡ್ಡಡ್ಡ ಉಜ್ಜಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ. ಬಿಟ್ಟರೆ ಸಾಬೂನಿನ ಪದರ ಒಣಗಿ ಅದೇ ಸದ್ದು ಮಾಡುತ್ತದೆ. ನಳದ ನೀರು ಬೇಡ, ಅದರ ಲವಣ ಗೀರಿನಲ್ಲಿ ಉಳಿಯುತ್ತದೆ. ಅಜ್ಜನ ಕಾಲದ 78ರ ವೇಗದ ಅರಗಿನ ತಟ್ಟೆಗೆ ಆಲ್ಕೋಹಾಲ್ ತಾಗಲೇಕೂಡದು. ಅರಗು ಅದರಲ್ಲಿ ಕರಗುತ್ತದೆ. ಅದಕ್ಕೆ ನೀರು ಮತ್ತು ಆ ಒಂದು ಹನಿ ಮಾತ್ರ, ಬೇಗ ಒರೆಸಿ ಒಣಗಿಸಿ.

ಬೂಷ್ಟು ಬಂದ ಒಳಗಿನ ಕಾಗದದ ಚೀಲ ಎಸೆಯಿರಿ, ಪಾಲಿಥೀನ್ ಒಳಚೀಲ ಹಾಕಿ. ರಟ್ಟಿನ ಹೊದಿಕೆ ನೆರಳಲ್ಲಿ ಒಣಗಲಿ. ತಟ್ಟೆಯನ್ನು ಬಿಸಿಲಿಗೆ ಇಟ್ಟರೆ ಬಾಗಿಹೋಗುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡುವವರಿದ್ದಾರೆ. ಮಸಿ ಮತ್ತು ಶಾಖ ಎರಡೂ ಕೆಟ್ಟದ್ದು. ಹೊರಗೋಡೆಗೆ ತಾಗದ ಕಪಾಟಿನಲ್ಲಿ ನೇರವಾಗಿ ನಿಲ್ಲಿಸಿ, ಜೊತೆಗೆ ನೀಲಿ ಸಿಲಿಕಾ ಜೆಲ್ ಇಡಿ. ಅದು ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ. ಅಡುಗೆಗೆ ಬಳಸದ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ತಾಸು ಇಟ್ಟರೆ ಮತ್ತೆ ನೀಲಿಯಾಗುತ್ತದೆ. ಕಪಾಟಿನ ತಳದಲ್ಲಿ 15 ವಾಟಿನ ಬಲ್ಬ್ ಉರಿಸುವ ಹಳೆಯ ಪದ್ಧತಿಯೂ ಒಳ್ಳೆಯದೇ, ತಟ್ಟೆಗಳಿಂದ ಒಂದಡಿ ದೂರವಿದ್ದರೆ.

ಕ್ಯಾಸೆಟ್ಟನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ವಾರ ಒಣಗಿಸಿ. ಐದು ಸ್ಕ್ರೂ ಇರುವುದಾದರೆ ಬಿಚ್ಚಿ, ಟೇಪನ್ನು ನವಿರು ಬಟ್ಟೆಯ ನಡುವೆ ನಿಧಾನ ಎಳೆಯುತ್ತ ಸುತ್ತಿ. ನುಡಿಸಿದ ಕೂಡಲೇ ಪ್ಲೇಯರಿನಲ್ಲಿ ಟೇಪು ತಾಗುವ ಹೆಡ್ಡನ್ನು ಆಲ್ಕೋಹಾಲಿನಿಂದ, ರಬ್ಬರ್ ರೋಲರನ್ನು ಸಾಬೂನು ನೀರಿನಿಂದ ಒರೆಸಿ. ಇಲ್ಲದಿದ್ದರೆ ಮುಂದಿನ ಕ್ಯಾಸೆಟ್ಟಿಗೂ ಬೂಷ್ಟು ದಾಟುತ್ತದೆ.

ಚಟಪಟಕ್ಕೆ ಆಲ್ಬಂನ ಅಂಕ ಕಳೆಯಬೇಡಿ. ಪ್ರತಿಯ ಸ್ಥಿತಿಗೆ ಬೇರೆಯೇ ಒಂದು ಕಾಲಂ ಇರಲಿ.

ಪ್ರಶ್ನೆ: ‘ನಿತ್ಯೋತ್ಸವ’ ಕ್ಯಾಸೆಟ್ಟಿನಲ್ಲಿ ಮಂಕಾಗಿ ಕೇಳಿ 7 ಕೊಟ್ಟೆ. ಫೋನಿನಲ್ಲಿ ಕೇಳಿದರೆ 9 ಅನ್ನಿಸುತ್ತದೆ. ಯಾವುದು ನಿಜ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಎರಡನ್ನೂ ಈಗ ತಡೆಹಿಡಿಯಿರಿ. ತುಸು ಜೋರಾಗಿ ಕೇಳಿದ್ದೇ ಕಿವಿಗೆ ಚೆನ್ನ ಎನಿಸುವುದು ಎಲ್ಲರಿಗೂ ಸಹಜ, ಫೋನಿಗೆ ಬರುವ ಪ್ರತಿಗಳನ್ನು ಹೆಚ್ಚಾಗಿ ಗಟ್ಟಿ ಮಾಡಿಯೇ ಇಟ್ಟಿರುತ್ತಾರೆ. ಎರಡನ್ನೂ ಒಂದೇ ಸ್ಪೀಕರಿಗೆ ಸಿಕ್ಕಿಸಿ, ಹಾಡುಗಾರರ ದನಿ ಸಮ ಕೇಳುವಂತೆ ವಾಲ್ಯೂಮ್ ಹೊಂದಿಸಿ. ಮಂಕು ಆಗಲೂ ಉಳಿದರೆ ಹೆಡ್ಡು ಓರೆಯಾಗಿರಬಹುದು. ಪಕ್ಕದ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂವನ್ನು ತಾಳದ, ‘ಸ’ಕಾರದ ಮೊನಚು ಬರುವವರೆಗೆ ತಿರುಗಿಸಿ. ಕಾಲು ಸುತ್ತಿಗಿಂತ ಹೆಚ್ಚು ಬೇಡ, ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಿ.

ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, 1978ರ ಈ ಕ್ಯಾಸೆಟ್ಟಿನಿಂದಲೇ ಭಾವಗೀತೆ ಕನ್ನಡದ ಮನೆಮನೆಗೆ ನಡೆದದ್ದು. ಮಾತು ಮುಂದೆ, ವಾದ್ಯ ಹಿಂದೆ. ಒಂದು ಅಕ್ಷರವೂ ಮುಚ್ಚಿಹೋಗುವುದಿಲ್ಲ. ನಮ್ಮ ಅಂಕ 9.

ಪ್ರಶ್ನೆ: ‘ಕಾಲ್ ಆಫ್ ದ ವ್ಯಾಲಿ’ ಸಿಡಿಯಲ್ಲಿ ಹೆಚ್ಚುವರಿ ಕೃತಿಗಳಿವೆ. ಅವನ್ನೂ ಲೆಕ್ಕಕ್ಕೆ ಹಿಡಿಯಬೇಕೆ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಬೇಡ. ಶಿವಕುಮಾರ ಶರ್ಮಾ, ಬ್ರಿಜ್‌ಭೂಷಣ್ ಕಾಬ್ರಾ, ಹರಿಪ್ರಸಾದ್ ಚೌರಾಸಿಯಾ ಅವರ 1967ರ ಎಲ್‌ಪಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನ. ಬೆಳಗಿನ ಅಹಿರ್ ಭೈರವ, ನಟ್ ಭೈರವದಿಂದ ಹೊರಟು ಪೀಲು, ಭೂಪ್, ದೇಸ್ ದಾಟಿ ಪಹಾಡಿಗೆ ಮುಗಿಯುತ್ತದೆ. ಪಹಾಡಿ ಮುಗಿದಲ್ಲಿ ಸಿಡಿ ನಿಲ್ಲಿಸಿ ಅಂಕ ಬರೆಯಿರಿ. ನಮ್ಮದು 10. ಮಿಶ್ರಮಾಡಿ ಕೇಳುವ ಶಫಲ್ ಗುಂಡಿ ಒತ್ತಿದರೆ ಇದೇ ಆಲ್ಬಂ 7ಕ್ಕೆ ಇಳಿಯುತ್ತದೆ.

ಪ್ರಶ್ನೆ: ಬೀಟಲ್ಸ್‌ರ ‘ಸಾರ್ಜೆಂಟ್ ಪೆಪರ್ಸ್’ ಮೊನೊ (ಒಂದೇ ಧ್ವನಿಪಥ) ಕೇಳಬೇಕೋ, ಸ್ಟೀರಿಯೊನೋ (ಎಡ, ಬಲ ಬೇರೆ ಬೇರೆ)?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: 1967ರಲ್ಲಿ ತಂಡದವರು ಕುಳಿತು ಒಪ್ಪಿದ್ದು ಮೊನೊ. ‘ಶಿ ಈಸ್ ಲೀವಿಂಗ್ ಹೋಮ್’ ಅದರಲ್ಲಿ ಚುರುಕಾಗಿ, ಸುಮಾರು ಒಂದು ಸ್ವರಸ್ಥಾನ ಮೇಲೆ ಓಡುತ್ತದೆ. ಸ್ಟೀರಿಯೊದಲ್ಲಿ ಆ ಹಾಡು ಎಳೆದಂತಾಗುತ್ತದೆ. ಮೊನೊಗೆ 9, ಆಗಿನ ಸ್ಟೀರಿಯೊಗೆ 8. ಎರಡೂ ಸಿಕ್ಕರೆ ಪುಸ್ತಕದಲ್ಲಿ ಎರಡು ಸಾಲಾಗಿಯೇ ಬರೆಯಿರಿ.